ಕಾಸ್ಟಿಕ್ ಸೋಡಾ: ಗಿರಣಿಯದು ಗಿರಣಿಯಲ್ಲೇ ಇರಲಿ

ಸಂಜೆ ಹೊತ್ತು ನಮ್ಮ ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಬಣ್ಣದ ಖಾತೆಯಲ್ಲಿಯೂ ಬ್ಲೀಚಿಂಗ್ ಖಾತೆಯಲ್ಲಿಯೂ ದುಡಿಯುವವರು ಹಲವರಿದ್ದಾರೆ. ನಾವು ಗಿರಣಿಯೊಂದರ ಉಗ್ರಾಣದಲ್ಲಿ ಗುಮಾಸ್ತರು. ರಸಾಯನ ಶಾಸ್ತ್ರ ಓದಿದವರಲ್ಲ. ಆದರೆ ದಿನವೂ ಚೀಲ ಎಣಿಸಿ, ಚೀಟಿ ಬರೆದು, ಕಾಸ್ಟಿಕ್ ಸೋಡಾ ಹಂಚುವ ಕೈ ನಮ್ಮದು. ಅದರ ವಿಷಯವಾಗಿ ನಾವು ಕಂಡು ಕೇಳಿ ಕಲಿತದ್ದನ್ನು ಇಲ್ಲಿ ಹೇಳುತ್ತೇವೆ.

ಮಗ್ಗದಿಂದ ಇಳಿದ ಹತ್ತಿ ಬಟ್ಟೆಯಲ್ಲಿ ಜಿಡ್ಡು ಇರುತ್ತದೆ. ಕಾಸ್ಟಿಕ್ ನೀರಿನಲ್ಲಿ ಕುದಿಸಿದರೆ ಅದು ಬಿಡುತ್ತದೆ. 1844ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ಎಂಬಾತನು, ಗಟ್ಟಿ ಕಾಸ್ಟಿಕ್ ದ್ರಾವಣ ತಾಗಿದ ಹತ್ತಿಯು ಬಲವಾಗುವುದನ್ನೂ ಬಣ್ಣವನ್ನು ಚೆನ್ನಾಗಿ ಹೀರುವುದನ್ನೂ ಕಂಡುಕೊಂಡನು. 1850ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ನಾವೆಲ್ಲ ಅನ್ನುವ ‘ಮರ್ಸರೈಸಿಂಗ್’ ಎಂಬ ಮಾತು ಆತನ ಹೆಸರಿನಿಂದಲೇ ಬಂದದ್ದು. ಹೀಗೆ ಹತ್ತಿಗೆ ಒಳ್ಳೆಯದನ್ನು ಮಾಡುವ ಈ ಪದಾರ್ಥವು ಉಣ್ಣೆಯನ್ನು ಕರಗಿಸಿಬಿಡುತ್ತದೆ. ನಮ್ಮ ಕೂದಲು, ಚರ್ಮಗಳು ಹತ್ತಿಯ ಜಾತಿಯವಲ್ಲ, ಉಣ್ಣೆಯ ಜಾತಿಯವು ಎಂಬುದನ್ನು ಮರೆಯಬಾರದು.

ಆಮ್ಲ ಮೈಮೇಲೆ ಬಿದ್ದರೆ ಕೂಡಲೇ ಉರಿಯುತ್ತದೆ. ಮನುಷ್ಯ ನೀರಿಗೆ ಓಡುತ್ತಾನೆ. ತೆಳುವಾದ ಕಾಸ್ಟಿಕ್ ಬಿದ್ದರೆ ಮೊದಲು ಸಾಬೂನು ಹಚ್ಚಿದಂತೆ ಜಾರುತ್ತದೆ, ಅಷ್ಟೇ. ಹಾಗೆ ಜಾರುವುದೇಕೆಂದರೆ, ನಮ್ಮ ಚರ್ಮದ ಕೊಬ್ಬೇ ಸಾಬೂನಾಗುತ್ತಿರುತ್ತದೆ! ನೋವು ತಿಳಿಯುವ ಹೊತ್ತಿಗೆ ಅದು ಒಳಕ್ಕಿಳಿದಿರುತ್ತದೆ. ಕಣ್ಣಿಗೆ ಬಿದ್ದರಂತೂ ದೃಷ್ಟಿಯೇ ಹೋಗಬಹುದು.

ಕೆಲಸದಲ್ಲಿ

ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದಾಗ ಕೊತಕೊತನೆ ಕುದಿಯುವುದನ್ನು ಊರಿನಲ್ಲಿ ನೋಡದವರುಂಟೆ? ಕಾಸ್ಟಿಕ್ಕಿನ ಗುಣವೂ ಹಾಗೆಯೇ. ಆದ್ದರಿಂದ ಮೊದಲು ತಣ್ಣೀರು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಚಕ್ಕೆ, ನಡುನಡುವೆ ಕಲಕುವುದು. ಚಕ್ಕೆಯ ಮೇಲೆ ನೀರು ಸುರಿಯಕೂಡದು; ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಬಿಸಿನೀರನ್ನೂ ಬಳಸಕೂಡದು. ಅಲ್ಯುಮಿನಿಯಮ್ ಪಾತ್ರೆಯಲ್ಲಿಯೂ ಸತುವಿನ ಲೇಪದ ಬಕೀಟಿನಲ್ಲಿಯೂ ಕರಗಿಸಕೂಡದು. ಕಾಸ್ಟಿಕ್ ಅವನ್ನು ತಿಂದು ಹೈಡ್ರೋಜನ್ ಅನಿಲವನ್ನು ಹೊರಡಿಸುತ್ತದೆ. ಅಲ್ಲಿ ಬೀಡಿಯ ಕಿಡಿಯೊಂದು ಸಾಕು.

ಕಣ್ಣು ಪೂರ್ತಿ ಮುಚ್ಚುವ ಕನ್ನಡಕ, ರಬ್ಬರಿನ ಕೈಚೀಲ, ರಬ್ಬರಿನ ಬೂಟು ಬೇಕೇ ಬೇಕು. ಪ್ಯಾಂಟಿನ ಅಂಚು ಬೂಟಿನ ಹೊರಗಿರಲಿ. ಒಳಗೆ ತುರುಕಿದರೆ ಮೇಲಿಂದ ಹರಿದ ದ್ರಾವಣವು ಬೂಟಿನಲ್ಲಿ ನಿಂತು ಪಾದವನ್ನು ಸುಡುತ್ತದೆ. ‘ಐದು ನಿಮಿಷದ ಕೆಲಸಕ್ಕೆ ಕನ್ನಡಕವೇತಕ್ಕೆ?’ ಎನ್ನುವವರನ್ನು ದಿನವೂ ಕಾಣುತ್ತೇವೆ. ಕಣ್ಣು ಹೋಗಲು ಐದು ನಿಮಿಷ ಬೇಡ.

ಉಗ್ರಾಣದಲ್ಲಿ

ಚಕ್ಕೆಯು ಗಾಳಿಯ ತೇವವನ್ನು ಹೀರಿ ಅಂಟಾಗುತ್ತದೆ. ಈ ಕಡೆಯ ಮಳೆಗಾಲದಲ್ಲಿ ಬಾಯಿ ಕಟ್ಟದ ಚೀಲವು ಕೆಲವೇ ದಿನಗಳಲ್ಲಿ ನೆಲಕ್ಕೆ ಜಿನುಗತೊಡಗುತ್ತದೆ. ಆದ್ದರಿಂದ ಚೀಲಗಳನ್ನು ನೆಲದಿಂದ ಎತ್ತರದಲ್ಲಿ, ಒಣಗಿದ ಸ್ಥಳದಲ್ಲಿ, ಬಾಯಿ ಬಿಗಿದು ಇಡತಕ್ಕದ್ದು. ಆಮ್ಲದ ಕ್ಯಾನುಗಳು ಬೇರೆ ಕಡೆ ಇರಬೇಕು. ಎರಡೂ ಕೂಡಿದರೆ ರಭಸದಿಂದ ಕುದಿಯುತ್ತವೆ. ನೀರಿನ ನಲ್ಲಿಯು ಓಡಿ ತಲಪುವಷ್ಟು ಹತ್ತಿರದಲ್ಲಿರಬೇಕು. ಅದರ ಮುಂದೆ ಸಾಮಾನು ಒಟ್ಟಕೂಡದು.

ಮನೆಗೆ ಬೇಡ

ಈಗ ಹೇಳುವ ಮಾತಿನಲ್ಲಿ ನಮ್ಮ ತಪ್ಪೂ ಇದೆ. ನಮ್ಮ ಖಾತೆಯ ಸಂಗಡಿಗರೊಬ್ಬರು ಒಂದು ದಿನ ಬಂದು, “ಅಣ್ಣಾ, ಖೋಲಿಯ ಮೋರಿ ಕಟ್ಟಿಕೊಂಡಿದೆ, ಒಂದಿಷ್ಟು ಕಾಸ್ಟಿಕ್ ನೀರು ಕೊಡಿ” ಎಂದರು. ಕೀಲಿ ನಮ್ಮ ಕೈಯಲ್ಲಿತ್ತು. ಒಂದೇ ಊರಿನ ಕಡೆಯವರು, ಇಲ್ಲವೆನ್ನಲಾಗಲಿಲ್ಲ. ಅವರು ಸೋಡಾ ಶರಬತ್ತಿನ ಖಾಲಿ ಬಾಟಲಿಯಲ್ಲಿ ತುಂಬಿಕೊಂಡು ಹೋದರು. ಮೋರಿ ಬಿಟ್ಟಿತು. ಉಳಿದದ್ದು ನೀರಿನ ಕೊಡದ ಹಿಂದೆ ನಿಂತಿತು. ಬಣ್ಣವಿಲ್ಲ, ವಾಸನೆಯಿಲ್ಲ; ನಾಲ್ಕು ವರ್ಷದ ಮಗುವಿಗೆ ಅದು ನೀರಲ್ಲದೆ ಇನ್ನೇನು? ಒಂದೇ ಗುಟುಕು. ಜೀವ ಉಳಿಯಿತು, ಆದರೆ ಗಂಟಲಿನ ಕೆಳಗಿನ ಅನ್ನನಾಳವು ಸುಟ್ಟು, ಮಾಯುವಾಗ ಕಿರಿದಾಯಿತು. ಅದನ್ನು ಹಿಗ್ಗಿಸಲು ಮೇಲಿಂದ ಮೇಲೆ ಆಸ್ಪತ್ರೆಗೆ ಒಯ್ಯಬೇಕಾಯಿತು. ಇಂದಿಗೂ ಆ ಮಗು ರೊಟ್ಟಿಯ ಚೂರನ್ನು ನೀರಿನಲ್ಲಿ ನೆನೆಸಿ ತಿನ್ನುತ್ತದೆ. ಆ ತಂದೆ ನಮ್ಮನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ನಮಗೆ ಹಗುರಾಗುತ್ತಿತ್ತು.

ಅಂದಿನಿಂದ ನಾವು ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಗಿರಣಿಯೊಳಗೂ ಸಹ ಕುಡಿಯುವ, ತಿನ್ನುವ ಪದಾರ್ಥದ ಬಾಟಲಿ, ಡಬ್ಬಿಗಳಿಗೆ ಇದನ್ನು ತುಂಬಕೂಡದು. ಹೆಸರು ಬರೆಯದ ಪಾತ್ರೆಯಲ್ಲಿ ಇಡಕೂಡದು. ಮನೆಯ ಮೋರಿ ಕಟ್ಟಿದರೆ ರಬ್ಬರಿನ ಒತ್ತುಗೋಲೂ ತಂತಿಯೂ ಇವೆ.

ಉಳಿದದ್ದನ್ನು ಏನು ಮಾಡುವುದು?

ಚಕ್ಕೆ ಚೆಲ್ಲಿದರೆ ಒಣಗಿರುವಾಗಲೇ ಪ್ಲಾಸ್ಟಿಕ್ ಸಲಿಕೆಯಿಂದ ಬಳಿದು, ಹೆಸರು ಬರೆದ ಡ್ರಮ್ಮಿಗೆ ತುಂಬಬೇಕು. ದ್ರಾವಣ ಚೆಲ್ಲಿದರೆ ಸುತ್ತ ಮರಳಿನ ಕಟ್ಟೆ ಹಾಕಿ ತಡೆದು ಮೇಲಿನವರಿಗೆ ತಿಳಿಸಬೇಕು. ಬೀದಿಯ ಗಟಾರಕ್ಕೆ ಬಿಡಕೂಡದು. ಆ ಗಟಾರ ತೆಗೆಯಲು ಬರುವವನೂ ನಮ್ಮಂತೆಯೇ ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವನು. ಬಳಸಿದ ನೀರು ಗಿರಣಿಯ ಶುದ್ಧೀಕರಣ ಘಟಕಕ್ಕೆ ಹೋಗಬೇಕು. ಅಲ್ಲಿ ತಿಳಿದವರು ಆಮ್ಲ ಬೆರೆಸಿ ಅದರ ಖಾರವನ್ನು ಇಳಿಸುತ್ತಾರೆ, ಪಿ.ಎಚ್. ಎಂಬ ಅಳತೆಯು 6.5ರಿಂದ 8.5ರ ಒಳಗೆ ಬಂದಲ್ಲದೆ ಹೊರಗೆ ಬಿಡುವಂತಿಲ್ಲ. ಇದು ನಾವು ನೀವು ಬಕೀಟಿನಲ್ಲಿ ಮಾಡುವ ಕೆಲಸವಲ್ಲ.

ಖಾಲಿ ಚೀಲದಲ್ಲಿ ಜೋಳ ತುಂಬಿ ಊರಿಗೆ ಒಯ್ಯುವವರುಂಟು. ಖಾಲಿ ಡ್ರಮ್ಮನ್ನು ಕೊಂಡು ಚಾಳಿನಲ್ಲಿ ಕುಡಿಯುವ ನೀರು ಹಿಡಿದಿಡುವವರುಂಟು. ಎಷ್ಟು ತೊಳೆದರೂ ಇದು ತರವಲ್ಲ. ಅವೂ ಲೆಕ್ಕ ಬರೆದು ಗಿರಣಿಗೆ ಒಪ್ಪಿಸತಕ್ಕ ವಸ್ತುಗಳೇ.

ಅಪಘಾತವಾದರೆ

ಮೈಮೇಲೆ ಬಿದ್ದರೆ ಆ ಬಟ್ಟೆಯನ್ನು ಕೂಡಲೇ ತೆಗೆಯಿರಿ. ಒಣ ಚಕ್ಕೆಯನ್ನು ಒಣ ಬಟ್ಟೆಯಿಂದ ಝಾಡಿಸಿ, ಧಾರಾಳವಾಗಿ ನೀರು ಸುರಿಯಿರಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆಯಾದರೂ ಹರಿಯುವ ನೀರಿನಲ್ಲಿ ತೊಳೆದು, ವೈದ್ಯರಲ್ಲಿಗೆ ಒಯ್ಯಿರಿ. ನಿಂಬೆರಸ, ಹುಣಿಸೆನೀರು, ಎಣ್ಣೆ, ಅರಿಸಿನ ಯಾವುದೂ ಬೇಡ. ನುಂಗಿದವರಿಗೆ ಬಾಯಿ ಮುಕ್ಕಳಿಸಿ ಉಗುಳಿಸಿರಿ. ವಾಂತಿ ಮಾಡಿಸಬೇಡಿರಿ, ಸುಟ್ಟ ದಾರಿ ಇನ್ನೊಮ್ಮೆ ಸುಡುತ್ತದೆ. 108ಕ್ಕೆ ಫೋನು ಮಾಡಿ, ನುಂಗಿದ್ದು ಯಾವುದೆಂದು ವೈದ್ಯರಿಗೆ ತಿಳಿಯುವಂತೆ ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಇದನ್ನು ಓದಿದ ಬಂಧುಗಳು ತಮ್ಮ ಖಾತೆಯಲ್ಲಿ ಓದು ಬಾರದ ಸಂಗಡಿಗರಿಗೂ ಒಮ್ಮೆ ಓದಿ ಹೇಳಬೇಕಾಗಿ ಕೋರುತ್ತೇವೆ. ಮನೆಯಲ್ಲಿ ಯಾವುದಾದರೂ ಹಳೆಯ ಬಾಟಲಿಯಲ್ಲಿ ಕಾಸ್ಟಿಕ್ ಉಳಿದಿದ್ದರೆ, ಅದನ್ನು ಮೋರಿಗೆ ಚೆಲ್ಲದೆ, ಬಿಗಿಯಾಗಿ ಮುಚ್ಚಿ, ಹೆಸರು ಬರೆದು ನಾಳೆಯೇ ಗಿರಣಿಯ ಉಗ್ರಾಣಕ್ಕೆ ತಂದೊಪ್ಪಿಸಿರಿ. ನಮ್ಮಲ್ಲಿಗೆ ತಂದವರನ್ನು ನಾವಂತೂ ಏಕೆ ಒಯ್ದಿರೆಂದು ಕೇಳುವುದಿಲ್ಲ.