ಒಂದು ಕಾದಂಬರಿಗೆ ಎಷ್ಟು ಸಿಗುತ್ತೆ ಮೇಡಂ?

ಸಭೆಗಳಲ್ಲಿ ಮೈಕ್ ಹಿಡಿದು ಕೇಳುವ ಪ್ರಶ್ನೆಗಳೇ ಬೇರೆ, ಸಭೆ ಮುಗಿದ ಮೇಲೆ ಕಾಫಿ ಲೋಟ ಹಿಡಿದು ಕೇಳುವ ಪ್ರಶ್ನೆಗಳೇ ಬೇರೆ. ಮೈಕಿನಲ್ಲಿ ‘ನಿಮಗೆ ಸ್ಫೂರ್ತಿ ಏನು?’ ಎಂದವರೇ ಆಮೇಲೆ ಹತ್ತಿರ ಬಂದು, ದನಿ ತಗ್ಗಿಸಿ, ‘ಒಂದು ಕಾದಂಬರಿಗೆ ಎಷ್ಟು ಸಿಗುತ್ತೆ ಮೇಡಂ?’ ಎನ್ನುತ್ತಾರೆ. ನನ್ನ ಮಟ್ಟಿಗೆ ಎರಡನೆಯದೇ ಒಳ್ಳೆಯ ಪ್ರಶ್ನೆ. ಸ್ಫೂರ್ತಿಯ ಬಗ್ಗೆ ನಾನು ಎಷ್ಟು ಕೊರೆದರೂ ಕೇಳಿದವರಿಗೆ ಉಪಯೋಗವಿಲ್ಲ. ದುಡ್ಡು, ಹಕ್ಕು, ಅಚ್ಚಿನ ವಿಚಾರಕ್ಕಾದರೆ ಖಚಿತ ಉತ್ತರಗಳಿವೆ. ಬರೆಯುವ ಹೆಂಗಸರು ಅವನ್ನು ಕೇಳಲು ಸಂಕೋಚಪಡುತ್ತಾರೆ ಅಂತಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದುಡ್ಡು. ಕನ್ನಡದಲ್ಲಿ ಲೇಖಕರ ರಾಯಲ್ಟಿ ಸಾಮಾನ್ಯವಾಗಿ ಪುಸ್ತಕದ ಮುಖಬೆಲೆಯ ನೂರಕ್ಕೆ ಹತ್ತು. ಬೆಲೆ 250 ರೂಪಾಯಿ, ಮೊದಲ ಮುದ್ರಣ 1,000 ಪ್ರತಿ ಎಂದಿಟ್ಟುಕೊಳ್ಳಿ. ಅಷ್ಟೂ ಖರ್ಚಾದರೆ 25,000 ರೂಪಾಯಿ. ಬರೆಯಲು ಹಿಡಿದ ಕಾಲವನ್ನು ತಿಂಗಳಿಗೆ ಇಷ್ಟು ಅಂತ ಭಾಗಿಸಲು ಹೋಗಬೇಡಿ, ಬೇಜಾರಾಗುತ್ತದೆ. ಉಳಿದ ತೊಂಬತ್ತು ಭಾಗ ಪ್ರಕಾಶಕರ ಜೇಬಿಗೆ ಹೋಗುತ್ತದೆ ಎಂದುಕೊಳ್ಳುವುದೂ ಸರಿಯಲ್ಲ. ಮಾರಾಟಗಾರರ ಕಮಿಷನ್ನೇ ಮೂವತ್ತರಿಂದ ನಲವತ್ತು ಹೊಡೆಯುತ್ತದೆ. ಆಮೇಲೆ ಕಾಗದ, ಅಚ್ಚು, ಬೈಂಡಿಂಗ್, ಮುಖಪುಟದ ಕಲಾವಿದರ ಸಂಭಾವನೆ, ಪಾರ್ಸೆಲ್. ಅಂಗಡಿಗೆ ಹೋದ ಪ್ರತಿಯ ದುಡ್ಡು ಯಾವಾಗ ಬರುತ್ತದೋ ಅವರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಬಹಳಷ್ಟು ಪ್ರಕಾಶಕರು ಕಣ್ಣಿಟ್ಟು ಕೂರುವುದು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಖರೀದಿಯ ಮೇಲೆ. ಆಯ್ಕೆಯಾದ ಪುಸ್ತಕದ ನೂರಾರು ಪ್ರತಿಗಳನ್ನು ಇಲಾಖೆ ಒಟ್ಟಿಗೆ ಕೊಳ್ಳುತ್ತದೆ. ಬೆಲೆ ನಿಗದಿಯಾಗುವುದು ಪುಟಗಳ ಲೆಕ್ಕದಲ್ಲಿ. ಕೆಲವು ಪುಸ್ತಕಗಳ ಅಂಚು ಅಷ್ಟು ಅಗಲ, ಅಕ್ಷರ ಅಷ್ಟು ದಪ್ಪ ಯಾಕೆ ಅನ್ನುವುದಕ್ಕೆ ಇದೂ ಒಂದು ಕಾರಣವಿರಬಹುದು ಎಂದು ನನ್ನ ಗುಮಾನಿ.

ರಾಯಲ್ಟಿ ಬದಲು ‘ಐವತ್ತು ಪ್ರತಿ ಕೊಡ್ತೀವಿ’ ಎನ್ನುವವರೂ ಇದ್ದಾರೆ. ಅದು ತಪ್ಪಲ್ಲ, ಆದರೆ ಆಗ ಮಾರುವ ಕೆಲಸವೂ ನಿಮ್ಮದೇ ಆಗುತ್ತದೆ ಅನ್ನುವುದು ನೆನಪಿರಲಿ. ತೆರಿಗೆಯ ಪ್ರಶ್ನೆಗೆ ಒಂದೇ ಸಾಲು: ಆದಾಯ ತೆರಿಗೆಯ ಹಳೆಯ ಪದ್ಧತಿಯನ್ನು ಆರಿಸಿಕೊಂಡ ಲೇಖಕರು ಸಾಹಿತ್ಯ ಕೃತಿಯ ರಾಯಲ್ಟಿಯಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಕಡಿತ ಕೇಳಬಹುದು. ಆ ಮಿತಿ ದಾಟುವ ಚಿಂತೆ ನನಗಂತೂ ಈವರೆಗೆ ಬಂದಿಲ್ಲ.

‘ವಾರಪತ್ರಿಕೆಯಲ್ಲಿ ಧಾರಾವಾಹಿ ಬರೆಯುವಾಗ ಮುಂದಿನ ಕಥೆ ನಿಮಗೆ ಮೊದಲೇ ಗೊತ್ತಿರುತ್ತಾ?’ ಹೆಂಗಸರು ತಪ್ಪದೆ ಕೇಳುವ ಪ್ರಶ್ನೆ ಇದು. ಈಗ ಹೆಚ್ಚಿನ ಸಂಪಾದಕರು ಪೂರ್ತಿ ಹಸ್ತಪ್ರತಿ ಕೈಗೆ ಬಂದ ಮೇಲೇ ಮೊದಲ ಕಂತು ಹಾಕುತ್ತಾರೆ. ಕಂತು ಕಂತಾಗಿ ಬರೆದುಕೊಡುವ ಪದ್ಧತಿಯೂ ಇತ್ತು, ಅದರ ಮಜವೇ ಬೇರೆ. ಎಂಟನೇ ಕಂತಿನಲ್ಲಿ ನಾಯಕಿಗೆ ಕೆಮ್ಮು ಬಂದರೆ ಸಾಕು, ‘ದಯವಿಟ್ಟು ಅವಳನ್ನು ಸಾಯಿಸಬೇಡಿ’ ಎಂದು ಪತ್ರಿಕೆಯ ಕಚೇರಿಗೆ ಕಾಗದಗಳು ಬೀಳುತ್ತಿದ್ದವು. ನಾನು ಯಾರನ್ನೂ ಕೆಮ್ಮಿನಿಂದ ಸಾಯಿಸಿದವಳಲ್ಲ, ಆದರೂ ಹೇಳುತ್ತಿದ್ದರು.

ಧಾರಾವಾಹಿಯನ್ನು ಹಾಗೇ ಹೊಲಿದು ಪುಸ್ತಕ ಮಾಡಲಾಗುವುದಿಲ್ಲ. ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಾರದ ಕಂತಿಗೆ ಪುಟದ ಅಳತೆ ಕಟ್ಟುನಿಟ್ಟು. ಕೊನೆಯ ಪ್ಯಾರಾದಲ್ಲಿ ಬಾಗಿಲು ಬಡಿಯಬೇಕು, ಇಲ್ಲವೇ ಫೋನ್ ಬರಬೇಕು, ಇಲ್ಲವೇ ಅತ್ತೆ ಏನೋ ಹೇಳಲು ಬಾಯಿ ತೆರೆಯಬೇಕು. ಹಾಗಾದರೇ ಓದುಗರು ಮುಂದಿನ ವಾರಕ್ಕೆ ಕಾಯುವುದು. ಕಳೆದ ವಾರದ ಸಂಚಿಕೆ ತಪ್ಪಿಸಿಕೊಂಡವರಿಗಾಗಿ ಕಂತಿನ ಮೊದಲಲ್ಲೇ ‘ಶಾರದೆಯ ಮೈದುನ ರಘು’ ಎಂದು ಸಂಬಂಧ ನೆನಪಿಸಬೇಕು. ಪುಸ್ತಕದಲ್ಲಿ ಓದುವವರು ರಘುವನ್ನು ಹತ್ತು ನಿಮಿಷದ ಹಿಂದಷ್ಟೇ ಭೇಟಿಯಾಗಿರುತ್ತಾರೆ. ಅಲ್ಲಿ ಮತ್ತೆ ಮತ್ತೆ ‘ಶಾರದೆಯ ಮೈದುನ’ ಎಂದರೆ ರೇಗುತ್ತದೆ. ಅಧ್ಯಾಯಕ್ಕೊಮ್ಮೆ ಬಾಗಿಲು ಬಡಿದರೆ ಆ ಮನೆಗೆ ಇಷ್ಟೊಂದು ಜನ ಯಾಕೆ ಬರುತ್ತಾರೆ ಎನಿಸುತ್ತದೆ. ಆದ್ದರಿಂದ ಪುಸ್ತಕಕ್ಕೆ ಕೊಡುವ ಮುಂಚೆ ಕಂತುಗಳ ಗಡಿ ಅಳಿಸಿ, ಎರಡು ಮೂರು ಕಂತು ಸೇರಿಸಿ ಒಂದು ಅಧ್ಯಾಯ ಮಾಡಿ, ಕೊನೆಯ ಆತುರವನ್ನು ಇಳಿಸುತ್ತೇನೆ. ಮೊದಲ ಬರವಣಿಗೆಗಿಂತ ಹೆಚ್ಚು ಬೆವರು ಬರುವ ಕೆಲಸ. ಪತ್ರಿಕೆಯಲ್ಲಿ ಬಂದದ್ದಕ್ಕೂ ಪುಸ್ತಕಕ್ಕೂ ವ್ಯತ್ಯಾಸ ಕಂಡು ‘ಆ ಭಾಗ ಯಾಕೆ ತೆಗೆದಿರಿ?’ ಎಂದು ಬೈಯುವ ಓದುಗರಿಗೂ ಇದೇ ಉತ್ತರ.

ಕಂಪ್ಯೂಟರಿನಲ್ಲಿ ಬರೆಯುತ್ತೀರೋ ಕೈಯಲ್ಲೋ ಎಂದು ಕೇಳುತ್ತಾರೆ. ಮೊದಲ ಕರಡು ಕೈಯಲ್ಲಿ, ಎರಡನೆಯದು ಕಂಪ್ಯೂಟರಿನಲ್ಲಿ. ನಾವು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸುತ್ತೇವೆ. ಪುಟ ವಿನ್ಯಾಸ ಮಾಡುವ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ ಅಕ್ಷರಗಳದೇ ಕಾರುಬಾರು, ಆದ್ದರಿಂದ ಅಲ್ಲಿ ಅದನ್ನು ಪರಿವರ್ತಿಸಿಕೊಳ್ಳುತ್ತಾರೆ. ಆ ಪರಿವರ್ತನೆಯಲ್ಲಿ ಕೆಲವು ಅಕ್ಷರಗಳು ಕೈಕೊಡುತ್ತವೆ. ‘ರ‍್ಯಾಂಕ್’ನಲ್ಲಿ ರಕಾರದ ಕೆಳಗೆ ಯ ಒತ್ತು ಕೂರಬೇಕಾದ ಕಡೆ, ಯಕಾರಕ್ಕೆ ಅರ್ಕಾವತ್ತು ಅಂಟಿಕೊಂಡು ಬರುತ್ತದೆ. ಉದ್ಧರಣ ಚಿಹ್ನೆಗಳು ತಲೆಕೆಳಗಾಗುತ್ತವೆ. ಮೂರು ಅಕ್ಷರ ಒಂದರ ಕೆಳಗೊಂದು ಬರುವ ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳನ್ನು ಪ್ರೂಫ್‌ನಲ್ಲಿ ಬೇರೆಯಾಗಿಯೇ ಒಂದು ಸುತ್ತು ನೋಡುವುದು ಕ್ಷೇಮ. ಪರದೆಯ ಮೇಲೆ ಪ್ರೂಫ್ ನೋಡಬೇಡಿ. ಕಾಗದದ ಮೇಲೆ ತೆಗೆಸಿ, ಸಾಲಿನ ಕೆಳಗೆ ಸ್ಕೇಲು ಇಟ್ಟು, ಗಟ್ಟಿಯಾಗಿ ಓದಿ. ನಿಮ್ಮದೇ ಬರಹವನ್ನು ಕಣ್ಣು ಓದುವುದಿಲ್ಲ, ಊಹಿಸುತ್ತದೆ.

ಈಗ ನಿಮ್ಮ ಕೈಗೆ ಸಿಗುವ ಯಾವುದಾದರೂ ಕನ್ನಡ ಕಾದಂಬರಿ ತೆಗೆಯಿರಿ. ಶೀರ್ಷಿಕೆ ಪುಟದ ಹಿಂಭಾಗದಲ್ಲಿ ಸಣ್ಣ ಅಕ್ಷರದ ಒಂದು ಪಟ್ಟಿ ಇರುತ್ತದೆ: ಮೊದಲ ಮುದ್ರಣದ ವರ್ಷ, ಪ್ರತಿಗಳು 1,000, ಡೆಮಿ 1/8, ಪುಟಗಳು ಇಷ್ಟು, ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ, ಬೆಲೆ, ಐಎಸ್‌ಬಿಎನ್. ಈ ಐಎಸ್‌ಬಿಎನ್‌ಗೆ ದುಡ್ಡು ಕೇಳುವವರನ್ನು ನಂಬಬೇಡಿ. ದೆಹಲಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಸ್ವಂತ ಖರ್ಚಿನಲ್ಲಿ ಪುಸ್ತಕ ತರುವ ಲೇಖಕರೂ ಅರ್ಜಿ ಹಾಕಬಹುದು. ಅದೇ ಪುಟದಲ್ಲಿ ‘ಹಕ್ಕುಗಳು:’ ಎಂಬ ಸಾಲಿದೆ. ಅದರ ಮುಂದೆ ‘ಲೇಖಕರದು’ ಎಂದಿದೆಯೋ ‘ಪ್ರಕಾಶಕರದು’ ಎಂದಿದೆಯೋ ನೋಡಿ. ಓದುಗರು ಎಂದೂ ಓದದ ಸಾಲು ಅದು, ಬರೆದವರ ಮನೆಯವರು ಮುಂದೆ ಅರವತ್ತು ವರ್ಷ ಓದಬೇಕಾದ ಸಾಲೂ ಅದೇ.

1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿ ಬರೆದ ಕ್ಷಣದಿಂದಲೇ ಹಕ್ಕು ಬರೆದವರದು. ನೋಂದಣಿ ಕಡ್ಡಾಯವಲ್ಲ. ನಾಳೆ ತಕರಾರು ಬಂದರೆ ಪುರಾವೆಯಾಗಲಿ ಎಂದಿದ್ದರೆ ಸಾಹಿತ್ಯ ಕೃತಿಗೆ 500 ರೂಪಾಯಿ ಶುಲ್ಕ ಕಟ್ಟಿ ನೋಂದಾಯಿಸಿಕೊಳ್ಳಬಹುದು. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ಬರಹದಲ್ಲಿರಬೇಕು, ನಿಮ್ಮ ಸಹಿ ಇರಬೇಕು. ಬಾಯಿಮಾತಿನಲ್ಲಿ ಹಕ್ಕು ಹೋಗುವುದಿಲ್ಲ. ಒಪ್ಪಂದದಲ್ಲಿ ಅವಧಿ ಹೇಳದೆ ಬಿಟ್ಟಿದ್ದರೆ ಕಾನೂನು ಅದನ್ನು ಐದು ವರ್ಷ ಎಂದು ಎಣಿಸುತ್ತದೆ. ಪ್ರದೇಶ ಹೇಳಿರದಿದ್ದರೆ ಭಾರತಕ್ಕೆ ಮಾತ್ರ. ವಹಿಸಿಕೊಂಡವರು ಒಂದು ವರ್ಷದೊಳಗೆ ಆ ಹಕ್ಕನ್ನು ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲವಾದರೆ, ಅದು ರದ್ದಾಗುತ್ತದೆ. ಈ ಮೂರು ನಿಯಮ ಗೊತ್ತಿಲ್ಲದೆ ‘ಎಲ್ಲ ಹಕ್ಕು ಅವರಿಗೆ ಹೋಯ್ತು’ ಎಂದು ಕೈಚೆಲ್ಲಿ ಕೂತ ಲೇಖಕಿಯರು ಎಷ್ಟೋ ಜನ.

ಹಕ್ಕು ಎಲ್ಲಿಯವರೆಗೆ? ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳ ಹಕ್ಕುಸ್ವಾಮ್ಯ 2023ರ ಡಿಸೆಂಬರಿಗೆ ಮುಗಿಯಿತು, ಈಗ ಯಾರು ಬೇಕಾದರೂ ಅಚ್ಚು ಹಾಕಬಹುದು. ಬದುಕಿದ್ದ ಅಷ್ಟು ಕಡಿಮೆ ವರ್ಷಗಳಲ್ಲಿ ಅಷ್ಟೊಂದು ಬರೆದ ಅವರು ‘ಬೆಳ್ಳಿಮೋಡ’ ಸಿನಿಮಾ ಆದದ್ದನ್ನೂ ನೋಡಲಿಲ್ಲ. ಪುಟ್ಟಣ್ಣ ಕಣಗಾಲರ ಆ ಚಿತ್ರ ಬಂದದ್ದು 1967ರಲ್ಲಿ.

ಸಿನಿಮಾ ಅಂದ ಕೂಡಲೇ ಎರಡು ಪ್ರಶ್ನೆ ಬರುತ್ತವೆ. ‘ನನ್ನ ಕಥೆ ಕದ್ದು ಸಿನಿಮಾ ಮಾಡಿದ್ದಾರೆ, ಏನು ಮಾಡಲಿ?’ ಬರೀ ಕಥಾವಸ್ತುವಿಗೆ ಹಕ್ಕುಸ್ವಾಮ್ಯವಿಲ್ಲ. ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕವನ್ನು ‘ನ್ಯೂ ಡೆಲ್ಲಿ’ ಚಿತ್ರ ನಕಲು ಮಾಡಿದೆ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದರು. 1978ರಲ್ಲಿ ತೀರ್ಪು ಅವರ ವಿರುದ್ಧ ಬಂತು. ಪ್ರಾಂತಭೇದ ಎಂಬ ವಸ್ತು ಯಾರ ಸ್ವತ್ತೂ ಅಲ್ಲ, ಅದನ್ನು ನೀವು ಕಟ್ಟಿದ ರೀತಿ ಮಾತ್ರ ನಿಮ್ಮದು ಎಂಬುದು ಅದರ ಸಾರ. ಬಡ ಸೊಸೆ, ಶ್ರೀಮಂತ ಮಾವ ಎಂಬಷ್ಟಕ್ಕೆ ಯಾರೂ ದಾವೆ ಹೂಡಿ ಗೆಲ್ಲಲಾರರು. ಹೆಸರಿಗೂ ಸಾಮಾನ್ಯವಾಗಿ ಹಕ್ಕುಸ್ವಾಮ್ಯ ಸಿಗುವುದಿಲ್ಲ.

ಎರಡನೆಯದು, ‘ಹಕ್ಕು ಮಾರಿದ ಮೇಲೆ ಕಥೆ ಹೇಗೆ ಬೇಕಾದರೂ ತಿರುಚಬಹುದಾ?’ ಇಲ್ಲ. ಹಿಂದಿಯ ಮನ್ನೂ ಭಂಡಾರಿಯವರ ‘ಆಪ್ ಕಾ ಬಂಟಿ’ ಕಾದಂಬರಿಯನ್ನು ‘ಸಮಯ್ ಕೀ ಧಾರಾ’ ಎಂಬ ಚಿತ್ರ ಮಾಡಿದಾಗ ಅವರು ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ್ದರು. ಹಕ್ಕು ವಹಿಸಿಕೊಟ್ಟ ಮೇಲೂ ಕೃತಿ ತನ್ನದೆನ್ನುವ, ತನ್ನ ಹೆಸರಿಗೆ ಮಸಿ ಬಳಿಯುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕು ಲೇಖಕರಿಗೆ ಉಳಿಯುತ್ತದೆ ಎಂದು 1986ರಲ್ಲಿ ನ್ಯಾಯಾಲಯ ಎತ್ತಿಹಿಡಿಯಿತು. ಕಾಯ್ದೆಯ 57ನೇ ಸೆಕ್ಷನ್ ಅದು. ಪ್ರಕರಣ ಕೊನೆಗೆ ರಾಜಿಯಲ್ಲಿ ಮುಗಿದರೂ ಬರೆಯುವ ಎಲ್ಲರಿಗೂ ಆ ಹೆಂಗಸು ಮಾಡಿಕೊಟ್ಟ ಉಪಕಾರ ಸಣ್ಣದಲ್ಲ.

ಅನುವಾದದ ಬಗ್ಗೆ ಈಚೆಗೆ ಬಹಳ ಜನ ಕೇಳುತ್ತಾರೆ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲಂತೂ ವಿಚಾರಿಸದವರಿಲ್ಲ. ಆ 50,000 ಪೌಂಡ್ ಬಹುಮಾನವನ್ನು ಬಾನು ಅವರಿಗೂ ಅನುವಾದಕಿ ದೀಪಾ ಭಸ್ತಿ ಅವರಿಗೂ ಸಮಪಾಲು ಮಾಡಿದರು. ಕನ್ನಡದ ಒಪ್ಪಂದಗಳಲ್ಲಿ ಅನುವಾದಕರ ಪಾಲಿನ ಮಾತೇ ಬರದಿರುವುದು ಹೆಚ್ಚು. ಇದು ಬದಲಾಗಬೇಕು.

ಇನ್ನು ಬದುಕಿನ ಪ್ರಶ್ನೆಗಳು. ‘ಇದು ನಿಮ್ಮದೇ ಕಥೆಯಾ?’ ಅಲ್ಲ. ನನ್ನ ಬದುಕಿನಲ್ಲಿ ಮುನ್ನೂರು ಪುಟ ತುಂಬುವಷ್ಟು ಏನೂ ನಡೆದಿಲ್ಲ. ನಿಜ ವ್ಯಕ್ತಿಗಳ ಮೇಲೆ ಬರೆಯಬಾರದೆಂದೇನೂ ಇಲ್ಲ. ಎಂ.ಕೆ. ಇಂದಿರಾ ತಮ್ಮ ಮನೆತನದ ಹಿರಿಯ ಹೆಂಗಸೊಬ್ಬರ ಬದುಕನ್ನೇ ಆಧರಿಸಿ ‘ಫಣಿಯಮ್ಮ’ ಬರೆದರು, 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ‘ನನಗೆ ನಲವತ್ತೈದಾಯ್ತು, ಇನ್ನೇನು ಬರೀತೀನಿ’ ಎನ್ನುವವರಿಗೂ ಅವರದೇ ಹೆಸರು ಹೇಳುತ್ತೇನೆ. 1917ರಲ್ಲಿ ಹುಟ್ಟಿದ ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಅಚ್ಚಾದದ್ದು 1963ರಲ್ಲಿ. ‘ಮನೆಯವರು ಓದ್ತಾರಾ?’ ನಮ್ಮ ಯಜಮಾನರು ಓದುವುದಿಲ್ಲ, ರಾಯಲ್ಟಿ ಲೆಕ್ಕದ ಕಾಗದ ಬಂದರೆ ಮಾತ್ರ ಎರಡು ಸಲ ಓದುತ್ತಾರೆ. ‘ಯಾವ ಹೊತ್ತಿನಲ್ಲಿ ಬರೀತೀರಿ?’ ಬೆಳಗಿನ ತಿಂಡಿ ಮುಗಿದು ಮಧ್ಯಾಹ್ನದ ಅಡುಗೆಗೆ ಏಳುವವರೆಗೆ.

ಕೊನೆಗೆ ಹೊಸಬರ ಕೋರಿಕೆ: ‘ನನ್ನ ಹಸ್ತಪ್ರತಿ ಓದಿ ಮುನ್ನುಡಿ ಬರೆದುಕೊಡಿ ಅಕ್ಕಾ.’ ಓದುತ್ತೇನೆಂದು ತೆಗೆದುಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವುದಕ್ಕಿಂತ ಆಗುವುದಿಲ್ಲ ಎನ್ನುವುದೇ ಮರ್ಯಾದೆ. ನಿಮಗೆ ನೆಂಟರಲ್ಲದ, ಚೆನ್ನಾಗಿ ಓದುವ ಇಬ್ಬರಿಗೆ ಕೊಟ್ಟು ಎಲ್ಲಿ ಬೇಸರವಾಯಿತು ಎಂದು ಗುರುತು ಹಾಕಲು ಹೇಳಿ. ಮೊದಲ ಪುಸ್ತಕ ತರುವ ಯುವ ಲೇಖಕರಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ, ಅರ್ಜಿ ಕರೆದಾಗ ಬಿಡಬೇಡಿ. ಪ್ರಕಾಶಕರು ಒಪ್ಪಿ ಒಪ್ಪಂದದ ಕಾಗದ ಮುಂದಿಟ್ಟರೆ ಖುಷಿಯಲ್ಲಿ ಅಲ್ಲೇ ಸಹಿ ಹಾಕಬೇಡಿ. ಮನೆಗೆ ತನ್ನಿ. ಎಷ್ಟು ವರ್ಷಕ್ಕೆ, ಯಾವ ಭಾಷೆಗೆ, ಸಿನಿಮಾ ಮತ್ತು ಅನುವಾದದ ಹಕ್ಕು ಯಾರಿಗೆ, ಲೆಕ್ಕ ವರ್ಷಕ್ಕೆ ಎಷ್ಟು ಸಲ ಕೊಡುತ್ತಾರೆ, ಈ ನಾಲ್ಕೂ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಬರೆಸಿ, ಆಮೇಲೆ ಸಹಿ ಹಾಕಿ.