ಗುಳೆ ಹೊರಟ ಮೇಲೂ ಬಾಗಿಲು ತೆರೆದಿರುವ ಶಾಲೆ

ದಸರೆ ಮುಗಿದು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಎಷ್ಟೋ ತಾಂಡಾಗಳಲ್ಲಿ, ಊರ ಅಂಚಿನ ಎಷ್ಟೋ ಓಣಿಗಳಲ್ಲಿ ಮನೆಗಳಿಗೆ ಬೀಗ ಬೀಳುತ್ತದೆ. ಟ್ರ್ಯಾಕ್ಟರಿನ ಟ್ರೇಲರಿಗೆ ಜೋಳದ ಚೀಲ, ಕೌದಿ, ಕೊಡಪಾನ, ಒಲೆಗೆ ಬೇಕಾದ ಕಟ್ಟಿಗೆ ಏರುತ್ತವೆ. ಅವುಗಳ ಮೇಲೆ ಮಕ್ಕಳು. ಕೆಲವು ಸಂಸಾರಗಳು ಕಬ್ಬು ಕಡಿಯಲು ಗಡಿಯಾಚೆಯ ಮಹಾರಾಷ್ಟ್ರಕ್ಕೆ ಹೋಗುತ್ತವೆ, ಕೆಲವು ಕಟ್ಟಡದ ಕೆಲಸಕ್ಕೆ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ. ತಿರುಗಿ ಬರುವುದು ಹೋಳಿ-ಯುಗಾದಿಯ ಆಸುಪಾಸು. ಅಷ್ಟರಲ್ಲಿ ಶಾಲೆಯ ಎರಡನೇ ಅರ್ಧ ಪೂರಾ ಕಳೆದಿರುತ್ತದೆ. ಹಾಜರಿ ಪುಸ್ತಕದಲ್ಲಿ ಆ ಮಕ್ಕಳ ಹೆಸರು ಹಾಗೇ ಉಳಿದಿರುತ್ತದೆ.

ಬಾಲಕಾರ್ಮಿಕ ಎಂದ ಕೂಡಲೇ ಬೆಂಕಿಪೊಟ್ಟಣದ ಕಾರ್ಖಾನೆ, ಹೋಟೆಲಿನ ತಟ್ಟೆ-ಲೋಟ, ಗ್ಯಾರೇಜಿನ ಗ್ರೀಸು ನಮ್ಮ ಕಣ್ಣ ಮುಂದೆ ಬರುತ್ತವೆ. ಈ ಮೂರು ತಾಲ್ಲೂಕುಗಳಲ್ಲಿ ಮಕ್ಕಳ ದುಡಿಮೆ ಹೆಚ್ಚಾಗಿ ಹೊಲದಲ್ಲಿದೆ, ಮನೆಯಲ್ಲಿದೆ. ಹಾಗಾಗಿ ಅದು ದಾಳಿ ಮಾಡುವ ಅಧಿಕಾರಿಯ ಕಣ್ಣಿಗೆ ಬೀಳುವುದು ಕಷ್ಟ. ಶ್ರಾವಣದಲ್ಲಿ ಹೆಸರು ಬಿಡಿಸುವ ಕೆಲಸ, ದೀಪಾವಳಿಯ ನಂತರ ಜೇವರ್ಗಿ ಕಡೆಯ ಕಪ್ಪು ನೆಲದಲ್ಲಿ ಹತ್ತಿ ಬಿಡಿಸುವುದು, ಡಿಸೆಂಬರ್-ಜನವರಿಯಲ್ಲಿ ತೊಗರಿ ಕಟಾವು ಮತ್ತು ರಾಶಿ, ಆಮೇಲೆ ಜೋಳ. ಬೆಳಗಿನ ಟಂಟಂಗಳಲ್ಲಿ ತಾಯಂದಿರ ಜೊತೆ ಒತ್ತಿಕೊಂಡು ಕೂತು ಹೊಲಕ್ಕೆ ಹೋಗುವ ಹುಡುಗಿಯರನ್ನು ಯಾರೂ ಬಾಲಕಾರ್ಮಿಕರೆಂದು ಕರೆಯುವುದಿಲ್ಲ. ‘ಅವ್ವನ ಕೂಡ ಹೋಗ್ಯಾಳ’ ಎನ್ನುತ್ತಾರೆ. ಕುರಿ ಹಿಂದೆ ಹೋದ ಹುಡುಗನ ವಿಷಯವೂ ಅಷ್ಟೇ. 2019ರಲ್ಲಿ ಕಲಬುರಗಿಯ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ತೊಗರಿಯ ಕಣಜವನ್ನು ತುಂಬಿದ ಕೈಗಳಲ್ಲಿ ಎಳೆಯ ಕೈಗಳೂ ಇವೆ ಎಂಬುದನ್ನು ಈ ಸೀಮೆಯವರಾದ ನಾವು ಮರೆಯಬಾರದು.

ಹಿಂದುಳಿದಿರುವಿಕೆ ಇಲ್ಲಿ ಕಾಗದದ ಮೇಲೂ ದಾಖಲಾದ ಸಂಗತಿ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ತನ್ನ ವರದಿ ಕೊಟ್ಟಾಗ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತ್ತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. 2001ರ ಜನಗಣತಿಯ ಪ್ರಕಾರ ಅಂದಿನ ಗುಲ್ಬರ್ಗ ಜಿಲ್ಲೆಯಲ್ಲಿ ಓದು ಬರಹ ಬಲ್ಲವರು ನೂರಕ್ಕೆ 50 ಮಂದಿ. ಯಾದಗಿರಿ ಬೇರೆ ಜಿಲ್ಲೆಯಾದ ಬಳಿಕ, 2011ರಲ್ಲಿ, ಅದು 65ರ ಹತ್ತಿರ ಬಂತು, ಮಹಿಳೆಯರಲ್ಲಿ 55. ರಾಜ್ಯದ ಸರಾಸರಿ ಆಗ 75 ದಾಟಿತ್ತು.

ಇಂಥ ನೆಲದಲ್ಲಿ ದುಡಿಯುವ ಮಗುವನ್ನು ಶಾಲೆಗೆ ತರುವ ಕೆಲಸ ಒಂದೇ ಸಲ, ಒಂದೇ ಯೋಜನೆಯಿಂದ ಆಗಲಿಲ್ಲ. ಹಲವು ಪ್ರಯತ್ನಗಳು ಒಂದರ ಮೇಲೊಂದು ಬಂದವು. ಕೇಂದ್ರ ಸರ್ಕಾರ 1988ರಲ್ಲಿ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆ ಆರಂಭಿಸಿತು. ಮುಂದೆ ಗುಲ್ಬರ್ಗವೂ ಅದರ ವ್ಯಾಪ್ತಿಗೆ ಸೇರಿತು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಒಂದು ಸೊಸೈಟಿ, ಅದರ ಕೆಳಗೆ ವಿಶೇಷ ಶಾಲೆಗಳು. 9ರಿಂದ 14 ವರ್ಷದ ದುಡಿಯುವ ಮಕ್ಕಳಿಗೆ ಅಲ್ಲಿ ಪಾಠ, ಊಟ, ಒಂದಿಷ್ಟು ಕೈಕೆಲಸದ ತರಬೇತಿ, ಬ್ಯಾಂಕ್ ಖಾತೆಗೆ ಜಮೆಯಾಗುವ ತಿಂಗಳ ಸ್ಟೈಪೆಂಡು. ಆ ಮೊತ್ತ ಬಹುಕಾಲ 100-150 ರೂಪಾಯಿಯಲ್ಲೇ ನಿಂತಿತ್ತು, ಕೊನೆಯ ವರ್ಷಗಳಲ್ಲಿ 400 ಆಯಿತು. ದುಡಿಮೆಯ ಕೂಲಿಗೆ ಏನೇನೂ ಸಮನಲ್ಲದ ಈ ಹಣಕ್ಕಾಗಿ ಯಾವ ತಂದೆಯೂ ಮಗನನ್ನು ಕಳಿಸಲಿಲ್ಲ. ಕಳಿಸಿದ್ದು ಅಲ್ಲಿ ಮಗುವಿನ ಹೆಸರು ಹಿಡಿದು ಕರೆಯುವ, ಎರಡು ದಿನ ಕಾಣದಿದ್ದರೆ ಮನೆಗೇ ಬಂದುಬಿಡುವ ಮೇಷ್ಟ್ರು ಅಥವಾ ಟೀಚರ್ ಇದ್ದುದರಿಂದ ಎನ್ನುವುದು ನನ್ನ ನಂಬಿಕೆ.

ಇನ್ನೊಂದು ಎಳೆ ನಮ್ಮ ಪಕ್ಕದಿಂದಲೇ ಬಂತು. ಸೇಡಂ, ಚಿಂಚೋಳಿಗಳ ಗಡಿ ದಾಟಿದರೆ ಅಂದಿನ ಆಂಧ್ರದ ರಂಗಾರೆಡ್ಡಿ ಜಿಲ್ಲೆ. ಅಲ್ಲಿ ಶಾಂತಾ ಸಿನ್ಹಾ ಮತ್ತು ಎಂ.ವಿ. ಫೌಂಡೇಶನ್ 1990ರ ದಶಕದ ಆರಂಭದಿಂದ ಜೀತದ, ಕೂಲಿಯ ಮಕ್ಕಳಿಗಾಗಿ ವಸತಿ ಶಿಬಿರಗಳನ್ನು ನಡೆಸಿದರು. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ ಎಂಬುದು ಅವರ ನಿಲುವು. ಮನೆಯಲ್ಲಿ ತಮ್ಮನನ್ನು ಎತ್ತಿ ಆಡಿಸುವ ಹುಡುಗಿಯೂ ಆ ಮಾತಿನೊಳಗೆ ಬಂದಳು. ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2007ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷರಾದರು. ಕರ್ನಾಟಕದಲ್ಲೂ ಸರ್ವ ಶಿಕ್ಷಣ ಅಭಿಯಾನದ ಮೊದಲ ವರ್ಷಗಳಲ್ಲಿ ‘ಚಿಣ್ಣರ ಅಂಗಳ’ ಎಂಬ ಬೇಸಿಗೆಯ ಸೇತುಬಂಧ ಶಿಬಿರ ಬಂತು, ‘ಕೂಲಿಯಿಂದ ಶಾಲೆಗೆ’ ಬಂತು, ‘ಬಾ ಬಾಲೆ ಶಾಲೆಗೆ’ ಬಂತು. ಸುಡುವ ಏಪ್ರಿಲ್-ಮೇ ತಿಂಗಳಲ್ಲಿ ಶಾಲೆ ಬಿಟ್ಟ ಮಕ್ಕಳನ್ನು ಕೂಡಿಸಿ, ಹಾಡು-ಆಟದಿಂದ ಶುರುಮಾಡಿ, ಜೂನ್ ಹೊತ್ತಿಗೆ ಅವರ ವಯಸ್ಸಿಗೆ ತಕ್ಕ ತರಗತಿಗೆ ದಾಟಿಸುವ ಯತ್ನ ಚಿಣ್ಣರ ಅಂಗಳದ್ದು.

ಈ ದಾಟಿಸುವ ಕೆಲಸ ಹೊರಗಿನಿಂದ ಕಂಡಷ್ಟು ಸುಲಭವಲ್ಲ. ಹನ್ನೊಂದು ವರ್ಷದ ಹುಡುಗ ಬರುತ್ತಾನೆ. ಒಂದು ಟನ್ ಕಬ್ಬಿಗೆ ಇಷ್ಟು, ಎಂಟು ಟನ್ನಿಗೆ ಎಷ್ಟು, ಅದರಲ್ಲಿ ಮುಂಗಡಕ್ಕೆ ಮುರಿದದ್ದೆಷ್ಟು ಎಂದು ಬಾಯಲ್ಲೇ ಲೆಕ್ಕ ಹಾಕಬಲ್ಲ. ಅದನ್ನೇ ಪಾಟಿಯ ಮೇಲೆ ಬರೆ ಎಂದರೆ ಕೈ ನಿಲ್ಲುತ್ತದೆ. ಅವನನ್ನು ಒಂದನೇ ತರಗತಿಯ ಪುಟ್ಟ ಮಕ್ಕಳ ನಡುವೆ ಕೂರಿಸಿದರೆ ನಾಚಿಕೆಯಿಂದ ಮೂರನೇ ದಿನಕ್ಕೆ ಮತ್ತೆ ಕಾಣುವುದಿಲ್ಲ. ಐದನೇ ತರಗತಿಗೆ ನೇರ ಕಳಿಸಿದರೆ ಪಾಠ ತಲೆಯ ಮೇಲೆ ಹಾರಿಹೋಗುತ್ತದೆ. ಆದ್ದರಿಂದ ಒಳ್ಳೆಯ ಸೇತುಬಂಧ ಕೇಂದ್ರದಲ್ಲಿ ಶಿಕ್ಷಕಿ ಅವನಿಗೆ ಬರುವ ಲೆಕ್ಕದಿಂದಲೇ ಶುರುಮಾಡುತ್ತಾರೆ. ಅವನ ಊರಿನ ಹೆಸರು, ಅವ್ವನ ಹೆಸರು, ಬಸ್ಸಿನ ಬೋರ್ಡು ಮೊದಲ ಓದಾಗುತ್ತವೆ. ಭಾಷೆಯದು ಇನ್ನೊಂದು ತೊಡಕು. ತಾಂಡಾದ ಮಗುವಿನ ಮನೆಮಾತು ಲಂಬಾಣಿ. ಆಳಂದದ ಗಡಿ ಹಳ್ಳಿಗಳಲ್ಲಿ ಮರಾಠಿ ಬೆರೆತ ಕನ್ನಡ, ಪೇಟೆಯ ಮೊಹಲ್ಲಾಗಳಲ್ಲಿ ಉರ್ದು. ಪುಸ್ತಕದ ಕನ್ನಡ ಇವರಿಗೆಲ್ಲ ಹೊಸದು. ಮಗುವಿನ ಮಾತನ್ನು ತಪ್ಪೆಂದು ತಿದ್ದದೆ, ಆ ಮಾತಿನ ಕೈಹಿಡಿದೇ ಪುಸ್ತಕಕ್ಕೆ ಕರೆತರುವ ಶಿಕ್ಷಕರು ಇದ್ದ ಕಡೆ ಮಕ್ಕಳು ನಿಂತಿದ್ದಾರೆ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಈ ಕೆಲಸಕ್ಕೆ ಕಾನೂನಿನ ಬಲ ಕೊಟ್ಟಿತು. ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಉಳಿದವರಿಗೆ ಸಮನಾಗಲು ಮೂರು ತಿಂಗಳಿಂದ ಎರಡು ವರ್ಷದವರೆಗೆ ವಿಶೇಷ ತರಬೇತಿ ಕೊಡಬೇಕು. ಜನ್ಮ ದಾಖಲೆ ಇಲ್ಲವೆಂದು, ಟಿಸಿ ಬಂದಿಲ್ಲವೆಂದು, ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಗುಳೆ ಹೋಗಿ ಬಂದ ಮನೆಗಳಿಗೆ ಇದಕ್ಕಿಂತ ದೊಡ್ಡ ಭರವಸೆ ಇಲ್ಲ. ಈ ಸಾಲುಗಳನ್ನು ಶಾಲೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಬೇಕು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ 14 ವರ್ಷದೊಳಗಿನವರ ದುಡಿಮೆ ಎಲ್ಲ ಉದ್ಯೋಗಗಳಲ್ಲೂ ನಿಷಿದ್ಧವಾಯಿತು. ಆದರೆ ಶಾಲೆಯ ಸಮಯದ ನಂತರ ಮತ್ತು ರಜೆಯಲ್ಲಿ ಮನೆತನದ ಕೆಲಸಕ್ಕೆ ನೆರವಾಗಬಹುದು ಎಂಬ ವಿನಾಯಿತಿ ಉಳಿಯಿತು. ಹೊಲವೇ ಮನೆತನದ ಕೆಲಸವಾಗಿರುವ ಸೀಮೆಯಲ್ಲಿ ಈ ವಿನಾಯಿತಿಯ ಕಿಂಡಿ ತೀರಾ ದೊಡ್ಡದು.

ಈಗ ಈ ಲೇಖನದ ಮುಖ್ಯ ಮಾತಿಗೆ ಬರುತ್ತೇನೆ. ಗುಳೆಯ ಮಕ್ಕಳಿಗೆ ನಿಜವಾಗಿ ಆಸರೆಯಾಗುವುದು ಋತುಮಾನ ವಸತಿ ಶಾಲೆ, ಜನರ ಬಾಯಲ್ಲಿ ‘ಸೀಸನಲ್ ಹಾಸ್ಟೆಲ್’. ಅಪ್ಪ-ಅವ್ವ ದುಡಿಯಲು ಹೋಗುವ ತಿಂಗಳುಗಳಲ್ಲಿ ಮಾತ್ರ ನಡೆಯುವ ವಸತಿ ಅದು. ಊರಿನ ಅಥವಾ ಹತ್ತಿರದ ಶಾಲೆಯ ಕೋಣೆಗಳಲ್ಲೇ ಮಕ್ಕಳ ವಾಸ. ಬೆಳಗಿನ ಉಪಾಹಾರ, ರಾತ್ರಿಯ ಊಟ, ಕೌದಿ-ಚಾಪೆ, ರಾತ್ರಿ ಜೊತೆಗಿರುವ ಒಬ್ಬರು ದೊಡ್ಡವರು; ಹಗಲು ತಮ್ಮದೇ ತರಗತಿ, ತಮ್ಮದೇ ಗೆಳೆಯರು. ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಲ್ಲಿ ಇದಕ್ಕೆ ಜಾಗವಿದೆ. ಮಹಾರಾಷ್ಟ್ರದ ಬೀಡ್ ಕಡೆ ಇದರ ಇನ್ನೊಂದು ರೂಪ ಕಾಣುತ್ತದೆ: ಮಗು ಅಜ್ಜ-ಅಜ್ಜಿಯ ಮನೆಯಲ್ಲೇ ಮಲಗುತ್ತದೆ, ಎರಡು ಹೊತ್ತಿನ ಊಟ ಮಾತ್ರ ಶಾಲೆಯದು. ನಮ್ಮ ತಾಂಡಾಗಳಿಗೆ ಈ ರೂಪ ಬಹಳ ಒಗ್ಗುತ್ತದೆ ಎನ್ನಿಸುತ್ತದೆ. ಏಳೆಂಟು ವರ್ಷದ ಮಗುವನ್ನು ರಾತ್ರಿ ಬೇರೆ ಕಡೆ ಬಿಡಲು ಯಾವ ತಾಯಿಯ ಕರುಳೂ ಒಪ್ಪುವುದಿಲ್ಲ. ಅಜ್ಜಿಯ ಮಗ್ಗುಲಲ್ಲಾದರೆ ಒಪ್ಪೀತು. ಅಜ್ಜಿಗೆ ಮಕ್ಕಳನ್ನು ನೋಡಿಕೊಳ್ಳುವ ಪ್ರೀತಿ ಇದೆ, ಮೂರ್ನಾಲ್ಕು ಹೊಟ್ಟೆಗೆ ಹಾಕುವ ಜೋಳ ಇಲ್ಲ.

ಊಟದ ಮಾತು ಬಂದಿದ್ದರಿಂದ ಹೇಳಬೇಕು. ಅಕ್ಷರ ದಾಸೋಹದ ಬಿಸಿಯೂಟ ಇಡೀ ರಾಜ್ಯದಲ್ಲಿ ಮೊದಲು ಶುರುವಾದದ್ದು 2002ರಲ್ಲಿ, ಈ ಭಾಗದ ಏಳು ಜಿಲ್ಲೆಗಳಲ್ಲಿ, ಗುಲ್ಬರ್ಗ ಅವುಗಳಲ್ಲೊಂದು. ಅಲ್ಲಿಯವರೆಗೆ ಮಕ್ಕಳಿಗೆ ತಿಂಗಳಿಗೊಮ್ಮೆ ಅಕ್ಕಿ ಹಂಚುತ್ತಿದ್ದರು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರು ದಾಸೋಹಕ್ಕೆ ಹೆಸರಾದವರು. ಅವರ ನೆಲದಲ್ಲಿ ಮೊದಲ ಸಾಲಿನ ಬಿಸಿ ತಟ್ಟೆಗಳು ಬಿದ್ದದ್ದು ಸಲ್ಲುವ ಮಾತೇ. 2013ರಲ್ಲಿ ಕ್ಷೀರ ಭಾಗ್ಯದ ಹಾಲು ಬಂತು. 2021ರ ಕೊನೆಗೆ ಮೊಟ್ಟೆ ಕೊಡುವುದೂ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದಿಂದಲೇ ಆರಂಭವಾಯಿತು. ಆದರೆ ಮಧ್ಯಾಹ್ನದ ಊಟ ಅಪ್ಪ-ಅವ್ವ ಊರಲ್ಲಿರುವ ಮಗುವನ್ನು ಮಾತ್ರ ಹಿಡಿದಿಡುತ್ತದೆ. ರಾತ್ರಿಯ ರೊಟ್ಟಿ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮಗು ಟ್ರೇಲರ್ ಹತ್ತಲೇಬೇಕು.

ಹುಡುಗಿಯರ ಕಷ್ಟ ಬೇರೆಯೇ ಬಗೆಯದು. ಎಂಟೊಂಬತ್ತು ವರ್ಷಕ್ಕೆ ಕೂಸನ್ನು ಎತ್ತಿಕೊಳ್ಳುವ ಕೆಲಸ, ಹನ್ನೆರಡಕ್ಕೆ ಹತ್ತಿಯ ಹೊಲ, ಹದಿನೈದು-ಹದಿನಾರಕ್ಕೆ ಮದುವೆಯ ಮಾತು. 2004ರಲ್ಲಿ ಬಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಶಾಲೆ ಬಿಟ್ಟ ಇಂಥ ಹುಡುಗಿಯರಿಗೆಂದೇ ಹುಟ್ಟಿದ ವಸತಿ ಶಾಲೆಗಳು. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳ ದಲಿತ, ಆದಿವಾಸಿ, ಹಿಂದುಳಿದ, ಅಲ್ಪಸಂಖ್ಯಾತ ಮನೆಗಳ ಹೆಣ್ಣುಮಕ್ಕಳಿಗೆ ಆರನೇ ತರಗತಿಯಿಂದ ಅಲ್ಲಿ ಆಸರೆ. ಮೊದಲು ಎಂಟನೇ ತರಗತಿಗೇ ನಿಲ್ಲುತ್ತಿದ್ದ ಓದನ್ನು ಮುಂದಿನ ತರಗತಿಗಳಿಗೂ ವಿಸ್ತರಿಸಲು ಆಮೇಲೆ ಅವಕಾಶವಾಯಿತು. ಎಂಟಕ್ಕೆ ನಿಂತ ಓದು ಹುಡುಗಿಯನ್ನು ನೇರವಾಗಿ ಮದುವೆಯ ಚಪ್ಪರಕ್ಕೆ ಕಳಿಸುತ್ತದೆ ಎಂಬುದು ಈ ಭಾಗದ ಶಿಕ್ಷಕಿಯರಿಗೆ ಚೆನ್ನಾಗಿ ಗೊತ್ತು. ಇನ್ನು ಕೂಸು ಎತ್ತುವ ಹುಡುಗಿಗೆ ನೇರ ಪರಿಹಾರ ಶಾಲೆಯಲ್ಲಿಲ್ಲ, ಕೂಸಿಗೆ ಒಂದು ಜಾಗ ಮಾಡಿಕೊಡುವುದರಲ್ಲಿದೆ. 2023ರ ನಂತರ ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿಯ ತಾಯಂದಿರಿಗಾಗಿ ತೆರೆದ ‘ಕೂಸಿನ ಮನೆ’ಗಳನ್ನು ನಾನು ಶಿಕ್ಷಣದ ಯೋಜನೆಯೆಂದೇ ಎಣಿಸುತ್ತೇನೆ. ಅಲ್ಲಿ ಒಂದು ತೊಟ್ಟಿಲು ತೂಗಿದರೆ ಒಬ್ಬ ಅಕ್ಕ ಶಾಲೆಗೆ ಹೋಗುತ್ತಾಳೆ.

ಕೋವಿಡ್ ಈ ಎಲ್ಲ ಕಟ್ಟೋಣವನ್ನು ಅಲುಗಿಸಿತು. 2020ರ ಮಾರ್ಚಿನಲ್ಲಿ ಬಾಗಿಲು ಹಾಕಿದ ಶಾಲೆಗಳು ಮತ್ತೆ ಪೂರ್ತಿ ತೆರೆಯುವಷ್ಟರಲ್ಲಿ ಹೊಲಕ್ಕೆ ಇಳಿದ ಮಕ್ಕಳು ಹೊಲದಲ್ಲೇ ದೊಡ್ಡವರಾದರು. ವಿದ್ಯಾಗಮ ಕಾರ್ಯಕ್ರಮದಲ್ಲಿ ಶಿಕ್ಷಕರು ಗುಡಿ ಕಟ್ಟೆ, ಮರದ ನೆರಳಿಗೆ ಹೋಗಿ ಪಾಠ ಮಾಡಿದರು. ಮೊಬೈಲಿಲ್ಲದ ಮನೆಗಳಿಗೆ ಅದೊಂದೇ ಶಾಲೆಯಾಗಿತ್ತು. ಅದೇ ಹೊತ್ತಿಗೆ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯನ್ನು 2021ರ ಏಪ್ರಿಲಿನಿಂದ ಸಮಗ್ರ ಶಿಕ್ಷಣದಲ್ಲಿ ವಿಲೀನ ಮಾಡಲಾಯಿತು. ಆಗ ನಡೆಯುತ್ತಿದ್ದ ವಿಶೇಷ ಶಾಲೆಗಳಿಗೆ 2022ರ ಮಾರ್ಚಿನವರೆಗೆ ಮಾತ್ರ ಅವಧಿ. ದುಡಿಯುವ ಮಗುವೂ ಎಲ್ಲರ ಜೊತೆ ಸಾಮಾನ್ಯ ಶಾಲೆಯಲ್ಲೇ ಕಲಿಯಬೇಕು ಎಂಬ ತತ್ವ ಸರಿ. ಆದರೆ ವಿಶೇಷ ಶಾಲೆಯ ಮೇಷ್ಟ್ರಿಗೆ ತನ್ನ ಶಾಲೆಯ ಐವತ್ತು ಮಕ್ಕಳನ್ನು ಹುಡುಕುವುದೇ ಕೆಲಸವಾಗಿತ್ತು. ಈಗ ಆ ಕೆಲಸ ಹತ್ತಾರು ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯ ಪಾಲಿಗೆ, ಶಿಕ್ಷಕರ ಕೊರತೆಯ ನಡುವೆ ಏಗುವ ಮುಖ್ಯ ಗುರುಗಳ ಪಾಲಿಗೆ ಬಂದಿದೆ. ಯೋಜನೆ ವಿಲೀನವಾದಾಗ ಆ ಹುಡುಕುವ ಮನುಷ್ಯ ಕಳೆದುಹೋಗಬಾರದಿತ್ತು.

ಇನ್ನೊಂದು ಗುಂಪು ಯಾರ ಲೆಕ್ಕಕ್ಕೂ ಸುಲಭವಾಗಿ ಸಿಗುವುದಿಲ್ಲ. ಆಳಂದದ ಭೂಸನೂರಿನಲ್ಲಿ, ಅಫಜಲಪುರದ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ನಮ್ಮವರು ಆ ಕಡೆ ಕಬ್ಬು ಕಡಿಯಲು ಹೋದಂತೆ ಮರಾಠವಾಡದ ಗ್ಯಾಂಗುಗಳು ಉತ್ತರ ಕರ್ನಾಟಕದ ಕಬ್ಬಿನ ಗದ್ದೆಗಳಿಗೆ ಬರುತ್ತವೆ. ಆ ಜೋಪಡಿಗಳ ಮಕ್ಕಳು ಮರಾಠಿ ಶಾಲೆಯನ್ನು ಬಿಟ್ಟು ಬಂದವರು. ನಮ್ಮ ಮಕ್ಕಳಿಗೆ ಅಲ್ಲಿ ಕನ್ನಡ ಓದಿಸುವವರಿಲ್ಲ, ಅವರಿಗೆ ಇಲ್ಲಿ ಮರಾಠಿ ಓದಿಸುವವರು ವಿರಳ. ಗಡಿ ಹಳ್ಳಿಗಳಲ್ಲಿ ಎರಡೂ ಭಾಷೆ ಬಲ್ಲ ಶಿಕ್ಷಕರು ಇದ್ದೇ ಇದ್ದಾರೆ. ಜೋಪಡಿಗಳ ಬಳಿಯ ಟೆಂಟ್ ಶಾಲೆಗಳಿಗೆ ಅವರನ್ನು ಕಳಿಸಲು ಎರಡು ರಾಜ್ಯಗಳ ಜಿಲ್ಲಾಡಳಿತಗಳು ಕೂತು ಮಾತಾಡಿದರೆ ಸಾಕು.

ಮಗು ರಾಜ್ಯದೊಳಗೆ ಎಲ್ಲೇ ಹೋದರೂ ಅದರ ಜಾಡು ಹಿಡಿಯಲು ಈಗ ಎಸ್‌ಎಟಿಎಸ್ ಸಂಖ್ಯೆ ಇದೆ. ಹಳ್ಳಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ, ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಶಾಲೆಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. ಮಗು ಕೆಲಸಕ್ಕಿದೆ ಎಂದು ತಿಳಿಸಲು ಮಕ್ಕಳ ಸಹಾಯವಾಣಿ 1098 ಇದೆ. ಇಷ್ಟಿದ್ದೂ ಹಾಸ್ಟೆಲಿನ ಮಂಜೂರಾತಿ ಪತ್ರ ಬರುವಷ್ಟರಲ್ಲಿ ಟ್ರೇಲರ್ ಹೊರಟುಹೋಗಿದ್ದರೆ ಪ್ರಯೋಜನವಿಲ್ಲ. ಕಬ್ಬಿನ ಮುಕಾದಮನ, ಅಂದರೆ ಕೂಲಿ ಗುತ್ತಿಗೆದಾರನ ವೇಳಾಪಟ್ಟಿ ನೋಡಿ: ಮಳೆಗಾಲದಲ್ಲಿ, ಮನೆಯಲ್ಲಿ ಕಾಳು ಮುಗಿದು ಸಾಲ ಏರಿದ ತಿಂಗಳುಗಳಲ್ಲೇ ಅವನು ಬಂದು ಗಂಡ-ಹೆಂಡತಿ ಜೋಡಿಗೆ ಮುಂಗಡ ಎಣಿಸಿ ಕೊಡುತ್ತಾನೆ. ಆ ಹಣ ಕೈಗೆ ಬಂದ ದಿನವೇ ಮನೆಯವರು ಯಾವ ಮಗು ಜೊತೆಗೆ ಬರಬೇಕು, ಯಾವುದು ಉಳಿಯಬೇಕು ಎಂದು ನಿರ್ಧರಿಸಿರುತ್ತಾರೆ. ಶಿಕ್ಷಣ ಇಲಾಖೆಯ ಸಮೀಕ್ಷೆ, ಎಸ್‌ಡಿಎಂಸಿ ಸಭೆ, ಅಡುಗೆಯವರ ನೇಮಕ ಎಲ್ಲವೂ ಆಗಸ್ಟಿನೊಳಗೆ ಮುಗಿದಿರಬೇಕು. ವಸತಿ ಯಾವ ಕೋಣೆಯಲ್ಲಿ, ರಾತ್ರಿ ಯಾರಿರುತ್ತಾರೆ, ಯಾವ ತಾರೀಖಿಗೆ ಶುರು ಎಂಬ ಮೂರು ಮಾತನ್ನು ಊರ ಗುರುಗಳು ಮುಕಾದಮನಿಗಿಂತ ಮೊದಲು ಹೋಗಿ ಆ ಮನೆಯ ಕಟ್ಟೆಯ ಮೇಲೆ ಕೂತು ಹೇಳುವಂತಾಗಬೇಕು.