ತಂಗಿಯ ಲೆಕ್ಕ

ಸಾವು ಸಂಭವಿಸಿದ ಮನೆಯಲ್ಲಿ ಮೊದಲ ಹದಿಮೂರು ದಿನ ದುಃಖಕ್ಕೂ ಒಂದು ಕ್ರಮವಿರುತ್ತದೆ. ಬಂದವರನ್ನು ವಿಚಾರಿಸಬೇಕು, ಪುರೋಹಿತರು ಹೇಳಿದ್ದನ್ನು ಒದಗಿಸಬೇಕು, ನೆಂಟರಿಷ್ಟರಿಗೆ ಅಡಿಗೆಯಾಗಬೇಕು. ಹದಿನಾಲ್ಕನೆಯ ದಿನ ಬೆಳಿಗ್ಗೆ, ಕೊನೆಯ ನೆಂಟರೂ ಬಸ್ಸು ಹತ್ತಿ ಹೋದ ಮೇಲೆ, ಹಾಲಿನವನು ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಅವನಿಗೆ ತಿಂಗಳ ಬಾಕಿ ತೀರಿಸಬೇಕು. ವೈಧವ್ಯವು ನಿಜವಾಗಿ ಆರಂಭವಾಗುವುದು ಅಲ್ಲಿಂದ ಎಂದು ನನಗೆ ಮನವರಿಕೆಯಾದದ್ದು 2023ರಲ್ಲಿ, ತಿಪಟೂರಿನ ನನ್ನ ತಂಗಿಯ ಮನೆಯ ಜಗುಲಿಯ ಮೇಲೆ ಕುಳಿತಿದ್ದಾಗ.

ತಂಗಿಯ ಗಂಡ ಒಂದು ಖಾಸಗಿ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುತ್ತಿದ್ದವರು. ನಲವತ್ತೆರಡು ವಯಸ್ಸು. ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಉಳಿದವರು ಮೂವತ್ತಾರರ ತಂಗಿ, ಎಂಟನೆಯ ತರಗತಿಯ ಮಗಳು, ನಾಲ್ಕನೆಯ ತರಗತಿಯ ಮಗ, ಎಪ್ಪತ್ತು ದಾಟಿದ ಅತ್ತೆ. ಆಸ್ತಿಯೆಂದರೆ ಊರ ಹೊರಗಿನ ಒಂದು ನಿವೇಶನ. ಇರುವುದು ಬಾಡಿಗೆ ಮನೆ.

ನಾನು ಮೈಸೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವನು. ಛಂದಸ್ಸಿನ ಮಾತ್ರೆಗಳನ್ನು ಎಣಿಸಿ ಅಭ್ಯಾಸವೇ ಹೊರತು ಭವಿಷ್ಯನಿಧಿಯ ಲೆಕ್ಕ ನನಗೆ ತಿಳಿಯದು. ಆದರೂ ಅಣ್ಣನೆಂಬ ಅಧಿಕಾರದಿಂದ ಆ ಜಗುಲಿಯ ಮೇಲೆಯೇ ಎಲ್ಲವನ್ನೂ ತೀರ್ಮಾನಿಸಿಬಿಟ್ಟೆ. ನಿವೇಶನವನ್ನು ಮಾರುವುದು, ವಿಮೆಯ ಹಣವನ್ನೂ ಅದಕ್ಕೆ ಸೇರಿಸಿ ಮೈಸೂರಿನ ನನ್ನ ಮನೆಯ ಮಹಡಿಯ ಮೇಲೆ ಎರಡು ಕೋಣೆ ಕಟ್ಟಿಸುವುದು, ತಂಗಿ ಮಕ್ಕಳೊಡನೆ ಅಲ್ಲಿ ನೆಮ್ಮದಿಯಾಗಿರುವುದು. ಅತ್ತೆ ತಮ್ಮ ಮಗಳ ಮನೆಗೆ ಹೋಗುವುದು. ತಂಗಿ ದುಡಿಯಬೇಕಾದ ಪ್ರಮೇಯವೇ ಇಲ್ಲ. ಇದನ್ನೆಲ್ಲ ಹೇಳಿ ಮುಗಿಸಿದಾಗ ನನ್ನ ಔದಾರ್ಯಕ್ಕೆ ನನ್ನ ಕಣ್ಣೇ ತೇವವಾಗಿತ್ತು.

ತಂಗಿ ತಲೆ ತಗ್ಗಿಸಿ ಕೇಳಿಸಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು, "ಅಣ್ಣಾ, ಆ ಕೋಣೆಗಳು ಯಾರ ಹೆಸರಿನಲ್ಲಿರುತ್ತವೆ?" ಎಂದು ಕೇಳಿದಳು.

ನನಗೆ ಸಿಟ್ಟು ಬಂತು. ಒಡಹುಟ್ಟಿದವರ ನಡುವೆ ಇಂಥ ಪ್ರಶ್ನೆಯೆ? ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಸಲಹೆಯಲ್ಲಿ ಕಪಟವಿರಲಿಲ್ಲ, ನಿಜ. ಆದರೆ ಅದರೊಳಗೆ ನನ್ನ ಮನೆಯೂ ಇತ್ತು. ಅವಳ ಮಕ್ಕಳ ಹಣದಿಂದ ಏಳುವ ಗೋಡೆ ನನ್ನ ಗೋಡೆಯ ಮೇಲೆ ಏಳುತ್ತಿತ್ತು. ನಾಳೆ ನನ್ನ ಮಕ್ಕಳು ದೊಡ್ಡವರಾಗಿ, "ಅತ್ತೆ ಮೇಲಿನ ಕೋಣೆ ಯಾವಾಗ ಬಿಡುತ್ತಾರೆ?" ಎಂದು ಕೇಳಿದರೆ ತಂಗಿಯ ಕೈಯಲ್ಲಿ ಯಾವ ಕಾಗದವಿರುತ್ತಿತ್ತು?

ಮರುದಿನ ಊರಿನ ಪರಿಚಿತ ವಕೀಲರೊಬ್ಬರ ಬಳಿಗೆ ಇಬ್ಬರೂ ಹೋದೆವು. ಅಲ್ಲಿ ನನ್ನ ಯೋಜನೆಯ ಅರ್ಧ ಭಾಗ ಕುಸಿಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಸ್ವಂತ ಆಸ್ತಿಯಲ್ಲಿ ಹೆಂಡತಿ, ಮಕ್ಕಳು, ತಾಯಿ ಇವರಿಗೆ ಸಮಪಾಲು. ಹಾಗಾಗಿ ನಿವೇಶನದಲ್ಲಿ ಅತ್ತೆಗೂ ಕಾಲು ಭಾಗವಿತ್ತು. ನಾನು ಅವರನ್ನು ಒಂದೇ ಮಾತಿನಲ್ಲಿ ಮಗಳ ಮನೆಗೆ ಸಾಗಹಾಕಿದ್ದೆ. ಅಪ್ರಾಪ್ತ ಮಕ್ಕಳ ಪಾಲಿನ ಸ್ಥಿರಾಸ್ತಿಯನ್ನು ತಾಯಿಯೇ ಆದರೂ ನ್ಯಾಯಾಲಯದ ಅನುಮತಿಯಿಲ್ಲದೆ ಮಾರುವಂತಿಲ್ಲವೆಂಬುದೂ ತಿಳಿಯಿತು.

ಕಾರ್ಖಾನೆಯ ಕಡೆಯಿಂದ ಬರಬೇಕಾದದ್ದನ್ನು ತಂಗಿಯೇ ಓಡಾಡಿ ತಿಳಿದುಕೊಂಡಳು. ಭವಿಷ್ಯನಿಧಿಯ ಸದಸ್ಯರು ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಮನೆಯವರಿಗೆ ಮೂರು ಬಗೆಯ ಹಕ್ಕುಗಳಿರುತ್ತವೆ: ಕೂಡಿಟ್ಟ ನಿಧಿ, ಅದಕ್ಕೆ ಜೋಡಿಸಿದ ವಿಮೆ, ಪಿಂಚಣಿ. ವಿಮೆಯ ಗರಿಷ್ಠ ಮಿತಿಯನ್ನು 2021ರಲ್ಲಿ 7 ಲಕ್ಷ ರೂಪಾಯಿಗೆ ಏರಿಸಲಾಯಿತು. 1995ರ ಪಿಂಚಣಿ ಯೋಜನೆಯಂತೆ ಒಂದೇ ತಿಂಗಳ ವಂತಿಗೆ ಸಂದಿದ್ದರೂ ವಿಧವೆಗೆ ಪಿಂಚಣಿಯುಂಟು. ಅದರ ಕಾಲು ಭಾಗದಂತೆ ಇಬ್ಬರು ಮಕ್ಕಳಿಗೆ, ಅವರಿಗೆ 25 ವರ್ಷ ತುಂಬುವವರೆಗೆ, ಪ್ರತ್ಯೇಕ ಪಿಂಚಣಿಯುಂಟು. ತಾಯಿ ಕೆಲಸಕ್ಕೆ ಸೇರಿದಳೆಂದು ಇದು ನಿಲ್ಲುವುದಿಲ್ಲ. ಆದರೆ ಈ ಪಿಂಚಣಿಯ ಮೊತ್ತ ದೊಡ್ಡದಲ್ಲ. 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ತಂಗಿಗೆ ಬರುವುದು ಅದಕ್ಕಿಂತ ಹೆಚ್ಚಾದರೂ ಮನೆ ಬಾಡಿಗೆಗೂ ಸಾಲುವಂತಿರಲಿಲ್ಲ.

ಹಣ ಬರುತ್ತದೆಂಬ ಸುದ್ದಿ ಹಣಕ್ಕಿಂತ ಮೊದಲೇ ಊರು ಸುತ್ತಿತು. ಒಬ್ಬರು ಕೈಸಾಲ ಕೇಳಿದರು. ಇನ್ನೊಬ್ಬರು ಚೀಟಿಗೆ ಕರೆದರು. ತಂಗಿ ಎಲ್ಲರಿಗೂ ಒಂದೇ ಉತ್ತರ ಕೊಟ್ಟಳು: "ವರ್ಷದ ಶ್ರಾದ್ಧ ಆಗುವವರೆಗೆ ಈ ಹಣ ಮುಟ್ಟುವುದಿಲ್ಲ." ಶಾಸ್ತ್ರದ ಹೆಸರು ಹೇಳಿದ್ದರಿಂದ ಯಾರೂ ಎದುರಾಡಲಿಲ್ಲ. ಅಂಥ ಶಾಸ್ತ್ರ ಎಲ್ಲಿಯೂ ಇಲ್ಲವೆಂದು ನನಗೆ ಗೊತ್ತಿತ್ತು. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ರಜೆ ಮುಗಿಸಿ ಕಾಲೇಜಿಗೆ ಮರಳಿದೆ. ಅಂದಿನ ಪಾಠ ತಿರುಮಲಾಂಬ ಅವರನ್ನು ಕುರಿತದ್ದು. 1887ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಹದಿನಾಲ್ಕಕ್ಕೆ ವಿಧವೆಯಾಗಿ, ಸತೀಹಿತೈಷಿಣೀ ಗ್ರಂಥಮಾಲೆಯನ್ನು ತಾವೇ ಸ್ಥಾಪಿಸಿ ನಡೆಸಿದ ಮಹಿಳೆ. ಮತ್ತೊಬ್ಬ ಬಾಲವಿಧವೆ ಆರ್. ಕಲ್ಯಾಣಮ್ಮನವರು 'ಸರಸ್ವತಿ' ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದರು. ಇಪ್ಪತ್ತು ವರ್ಷಗಳಿಂದ ಹೇಳುತ್ತಿದ್ದ ಪಾಠ. ಆ ದಿನ ಮಾತ್ರ ನಾಲಗೆ ತಡವರಿಸಿತು. ತರಗತಿಯಲ್ಲಿ ಈ ಹೆಣ್ಣುಮಕ್ಕಳ ಸ್ವಾವಲಂಬನೆಯನ್ನು ಕೊಂಡಾಡುವವನು ತನ್ನ ತಂಗಿಗೆ ಮಹಡಿಯ ಮೇಲಿನ ಕೋಣೆಯನ್ನು ಗೊತ್ತುಮಾಡಿ ಬಂದಿದ್ದನಲ್ಲ!

ಮುಂದಿನ ಸಲ ತಿಪಟೂರಿಗೆ ಹೋದಾಗ ತಂಗಿ ಒಂದು ಉದ್ದನೆಯ ಪುಸ್ತಕವನ್ನು ನನ್ನ ಮುಂದಿಟ್ಟಳು. ಗಂಡ ಮನೆಖರ್ಚು ಬರೆಯುತ್ತಿದ್ದ ಪುಸ್ತಕ. ಅವರ ದುಂಡನೆಯ ಅಂಕಿಗಳು ಒಂದು ಪುಟದ ನಡುವೆ ನಿಂತಿದ್ದವು. ಅದರ ಕೆಳಗೆ ಗೆರೆ ಎಳೆದು ಅವಳ ಅಕ್ಷರ ಆರಂಭವಾಗಿತ್ತು. ಮದುವೆಗೆ ಮುಂಚೆ ಅವಳು ಬಿ.ಎಡ್. ಮಾಡಿ ಎರಡು ವರ್ಷ ಪಾಠ ಹೇಳಿದವಳು. ಈಗ ಹತ್ತಿರದ ಒಂದು ಖಾಸಗಿ ಶಾಲೆಯಲ್ಲಿ ಕೆಲಸ ಗೊತ್ತಾಗಿತ್ತು. ಸಂಬಳ ಗಂಡನ ಸಂಬಳದ ಅರ್ಧಕ್ಕಿಂತ ಕಡಿಮೆ. ಆ ಸಂಬಳದಲ್ಲಿ ಬಾಡಿಗೆ ಮತ್ತು ದಿನಸಿ, ಪಿಂಚಣಿಯಲ್ಲಿ ಹಾಲು ಮತ್ತು ಔಷಧ, ಠೇವಣಿಯ ಬಡ್ಡಿಯಲ್ಲಿ ಮಕ್ಕಳ ಶುಲ್ಕ; ಅಸಲು ಮುಟ್ಟುವಂತಿಲ್ಲ, ನಿವೇಶನ ಮಾರುವಂತಿಲ್ಲ. ಸರ್ಕಾರಿ ನೇಮಕದಲ್ಲಿ ವಿಧವೆಯರಿಗೆ 10 ವರ್ಷಗಳ ವಯೋಮಿತಿ ಸಡಿಲಿಕೆ ಇರುವುದರಿಂದ ಶಿಕ್ಷಕರ ಅರ್ಹತಾ ಪರೀಕ್ಷೆಗೂ ಓದುವುದೆಂದು ಬರೆದುಕೊಂಡಿದ್ದಳು.

"ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದೆ. ಅದು ನನ್ನ ಕೊನೆಯ ಅಸ್ತ್ರ.

ಒಳಗಿನಿಂದ ಅತ್ತೆಯವರ ದನಿ ಬಂತು. "ನಾನಿಲ್ವೇ ಮೇಷ್ಟ್ರೇ? ಮಗ ಹೋದ. ಮೊಮ್ಮಕ್ಕಳನ್ನೂ ಬಿಟ್ಟು ಮಗಳ ಮನೇಲಿ ಕೂತು ನಾನೇನು ಮಾಡ್ಲಿ? ಅವಳು ಹೋಗಿ ದುಡೀಲಿ. ಸಾಯಂಕಾಲ ಮಕ್ಕಳು ಬರೋ ಹೊತ್ತಿಗೆ ಬಾಗಿಲು ತೆಗೆಯೋಕೆ ನಾನಿರ್ತೀನಿ."

ನಾನು ಮರುಮಾತಾಡಲಿಲ್ಲ. ನನ್ನ ಲೆಕ್ಕದಲ್ಲಿ ಹೊರೆಯಾಗಿದ್ದ ಮುದುಕಿ ತಂಗಿಯ ಲೆಕ್ಕದಲ್ಲಿ ಆಧಾರವಾಗಿದ್ದರು.

ಹಾಗೆಂದು ಅವಳ ದಾರಿಯೇ ಎಲ್ಲರ ದಾರಿಯೆಂದು ನಾನು ಹೇಳಲಾರೆ. ಕೈಗೂಸಿನ ತಾಯಿಗೆ, ಓದು ಬಾರದವಳಿಗೆ, ಅತ್ತೆಮಾವಂದಿರ ಒಲವಿಲ್ಲದವಳಿಗೆ ತವರಿನ ಕೋಣೆಯೇ ಪರಮಾಶ್ರಯವಾದೀತು. ಅಂಥ ಕೋಣೆ ಕೊಡಬಲ್ಲವರು ಧಾರಾಳವಾಗಿ ಕೊಡಲಿ. ಆದರೆ ಅದಕ್ಕೆ ಅವಳ ಹಣವನ್ನು ತೆಗೆದುಕೊಂಡರೆ ಅವಳ ಹೆಸರಿಗೆ ಕಾಗದವನ್ನೂ ಮಾಡಿಸಲಿ. ಇನ್ನು, ಈ ಬರಹವನ್ನು ಓದುತ್ತಿರುವ ಗೃಹಸ್ಥರು ಇಂದೇ ಭವಿಷ್ಯನಿಧಿಯ ನಾಮನಿರ್ದೇಶನವನ್ನೊಮ್ಮೆ ನೋಡಿಕೊಳ್ಳಲಿ. ಮದುವೆಗೆ ಮೊದಲು ಬರೆದುಕೊಟ್ಟದ್ದು ಮದುವೆಯಾದೊಡನೆ ಅಸಿಂಧುವಾಗುತ್ತದೆ. ಹೊಸದಾಗಿ ಬರೆದುಕೊಡದವರು ನಮ್ಮಲ್ಲಿ ಬಹಳ ಮಂದಿಯಿದ್ದಾರೆ.

ತಂಗಿ ಈಗಲೂ ಅದೇ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಕಷ್ಟ ತೀರಿಲ್ಲ, ತಿಂಗಳ ಕೊನೆಯ ವಾರ ಅವಳ ಪುಸ್ತಕದಲ್ಲಿ ಅಂಕಿಗಳು ಇಕ್ಕಟ್ಟಾಗುತ್ತವೆ. ಒಮ್ಮೊಮ್ಮೆ ನನ್ನಿಂದ ಸಾಲ ಪಡೆಯುತ್ತಾಳೆ. ಪಡೆದದ್ದನ್ನು ಬರೆದಿಡುತ್ತಾಳೆ, ತೀರಿಸಿದ ದಿನ ಅದರ ಮೇಲೆ ಗೆರೆ ಎಳೆಯುತ್ತಾಳೆ. ಮೊದಮೊದಲು ನನಗೆ ಇದು ನೋವೆನಿಸುತ್ತಿತ್ತು. ಈಗ ಅವಳು ಕೊಟ್ಟದ್ದನ್ನು ಸುಮ್ಮನೆ ಎಣಿಸಿ ತೆಗೆದುಕೊಳ್ಳುತ್ತೇನೆ.

ನನ್ನ ಮಹಡಿಯ ಮೇಲೆ ಇನ್ನೂ ಬರಿಯ ತಾರಸಿಯೇ ಇದೆ. ಬೇಸಗೆಯ ರಜೆಯಲ್ಲಿ ಅವಳ ಮಕ್ಕಳು ಬಂದಾಗ ನನ್ನ ಮಕ್ಕಳೊಡನೆ ಅಲ್ಲಿಯೇ ಚಾಪೆ ಹಾಸಿಕೊಂಡು ಮಲಗುತ್ತಾರೆ. ಎಂದಾದರೊಂದು ದಿನ ನನ್ನ ದುಡ್ಡು ಕೂಡಿಬಂದರೆ ಅಲ್ಲೊಂದು ಕೋಣೆ ಕಟ್ಟಿಸಬೇಕು. ತಂಗಿ ಬಂದಾಗ ನಾಲ್ಕು ದಿನ ಇದ್ದು, ಮತ್ತೆ ತನ್ನ ಮನೆಗೆ ಹೋಗಲಿ.